ಗುನ್ನೆಲ್ ಅಜ್ಜಿಯ ಬನ್ನು, ನಮ್ಮ ಅತ್ತೆಯವರ ವ್ರತ

ಅತ್ತೆಯವರಿಗೆ ಗೊತ್ತಾಗದಂತೆ ಮೊಟ್ಟೆ ತಿನ್ನಿಸಿದ ಅಳಿಯಂದಿರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು. ಇದ್ದರೂ ಬಾಯಿಬಿಟ್ಟು ಹೇಳಿಕೊಳ್ಳುವವರಲ್ಲ. ನಾನಂತೂ ಹೇಳಿಬಿಡುತ್ತೇನೆ. ನಾನು ತಿನ್ನಿಸಿದೆ. ಅದೂ ಕದ್ದುಮುಚ್ಚಿ ಅಲ್ಲ, ದಿನಾ ಬೆಳಿಗ್ಗೆ ತಟ್ಟೆಯಲ್ಲಿಟ್ಟು, ಬಿಸಿ ಕಾಫಿಯ ಜೊತೆ, ‘ಇನ್ನೊಂದು ತಗೊಳ್ಳಿ ಅತ್ತೆ’ ಎಂದು ಉಪಚಾರ ಮಾಡಿ.

ಇದು ನಡೆದದ್ದು ಐದಾರು ವರ್ಷದ ಹಿಂದೆ, ಸ್ವೀಡನ್ನಿನ ಶೋವ್ಡೆಯಲ್ಲಿ. ಅದು ಕಾರಿನ ಎಂಜಿನ್ ಮಾಡುವ ಊರು. ಬೆಂಗಳೂರಿನ ನನ್ನ ಕಂಪನಿ ಎಂಜಿನ್ನಿನ ಸಾಫ್ಟ್‌ವೇರ್ ಪರೀಕ್ಷೆ ಮಾಡಲು ನನ್ನನ್ನು ಅಲ್ಲಿಗೆ ಕಳಿಸಿತ್ತು. ಬೇರೆಯವರು ಮಾಡಿದ ತಪ್ಪು ಹುಡುಕಿ, ಅದನ್ನು ಬರೆದಿಟ್ಟು, ಅದಕ್ಕೆ ಸಂಬಳ ತೆಗೆದುಕೊಳ್ಳುವುದು ನನ್ನ ಉದ್ಯೋಗ. ನನ್ನ ತಪ್ಪನ್ನು ನಾನೇ ಹುಡುಕಿಕೊಳ್ಳುವ ಅಭ್ಯಾಸ ಆಗ ಇರಲಿಲ್ಲ.

ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಗುನ್ನೆಲ್ ಅಜ್ಜಿಯ ಬೇಕರಿ. ಎಪ್ಪತ್ತು ದಾಟಿದ ಹೆಂಗಸು, ತೋಳು ಮಾತ್ರ ಗರಡಿಯವರ ತೋಳು. ಅಂಗಡಿ ಅವರ ಅಪ್ಪನ ಕಾಲದ್ದು. ಗಾಜಿನ ಪೆಟ್ಟಿಗೆ, ಹಿತ್ತಾಳೆಯ ತಕ್ಕಡಿ, ಗೋಡೆಗೆ ತಾಗಿಸಿ ಮೂರು ಪುಟ್ಟ ಮೇಜು, ಹಿಂದೆ ಪರದೆ ಇಲ್ಲದ ಬಾಗಿಲಿನಾಚೆ ಒಲೆ. ಸ್ವೀಡನ್ನಿನಲ್ಲಿ ಹೊರಗೆ ಹೋಗಿ ಏನು ತಿಂದರೂ ಮನಸ್ಸು ರೂಪಾಯಿಗೆ ಗುಣಿಸಿ ನಾಲಿಗೆಯ ರುಚಿ ಕೆಡಿಸುತ್ತದೆ. ಗುನ್ನೆಲ್ ಅಜ್ಜಿಯ ಅಂಗಡಿಯಲ್ಲಿ ಮಾತ್ರ ಆ ಗುಣಾಕಾರ ಬಿಟ್ಟು ತಿನ್ನಬಹುದಿತ್ತು. ನಿನ್ನೆಯ ಬನ್ನುಗಳನ್ನು ಕಾಗದದ ಚೀಲದಲ್ಲಿ ಕಟ್ಟಿ ಅರ್ಧ ಬೆಲೆಗೆ ಬಾಗಿಲ ಪಕ್ಕ ಇಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ತಂಗಳನ್ನ ಕಂಡರೆ ಮುಖ ಸಿಂಡರಿಸುತ್ತಿದ್ದ ನಾನು, ಈ ತಂಗಳು ಬನ್ನಿಗಾಗಿ ಏಳು ಗಂಟೆಗೆ ಮುಂಚೆ ಓಡುತ್ತಿದ್ದೆ.

ಮೊದಲ ದಿನ ನನ್ನನ್ನು ಆ ಅಂಗಡಿಯೊಳಕ್ಕೆ ಎಳೆದದ್ದು ಏಲಕ್ಕಿಯ ವಾಸನೆ. ಆ ಜನ ಬನ್ನಿನ ಹಿಟ್ಟಿಗೆ ಏಲಕ್ಕಿ ಹಾಕಿ ನಾದುತ್ತಾರೆ. ನಮ್ಮ ಘಟ್ಟದ ಏಲಕ್ಕಿ ಆ ಹಿಮದ ದೇಶಕ್ಕೆ ಹೇಗೆ ಹೋಯಿತು ಎಂದು ಓದಲು ಹೊರಟರೆ ಒಂದೊಂದು ಪುಸ್ತಕ ಒಂದೊಂದು ಕಥೆ ಹೇಳುತ್ತದೆ. ಹಡಗಿನವರು ತಂದರು ಎಂದು ಒಬ್ಬರು, ಸನ್ಯಾಸಿಗಳು ತಂದರು ಎಂದು ಇನ್ನೊಬ್ಬರು. ಯಾರೇ ತಂದಿರಲಿ, ಅವರ ಹೊಟ್ಟೆ ತಣ್ಣಗಿರಲಿ. ಹೊರಗೆ ಮೈನಸ್ ಹನ್ನೆರಡು, ಮೂಗು ಮರಗಟ್ಟಿದೆ, ಬಾಗಿಲು ತಳ್ಳಿದರೆ ಒಳಗೆ ಹೋಳಿಗೆ ಮಾಡುವ ಮನೆಯ ವಾಸನೆ. ಕಣ್ಣಲ್ಲಿ ನೀರು ಬಂತು. ಚಳಿಗೆ ಬಂತು ಎಂದು ಹೆಂಡತಿಗೆ ಹೇಳಿದೆ.

ಆದರೆ ಒಳಗೆ ಹೋದ ಮಾತ್ರಕ್ಕೆ ಬನ್ನು ಸಿಗುವುದಿಲ್ಲ. ನಾನು ಬೆಳೆದದ್ದು ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮುಂದೆ. ಅಲ್ಲಿನ ನಿಯಮ ನಿಮಗೂ ಗೊತ್ತು. ನಾಲ್ಕು ಜನರ ಭುಜದ ಮೇಲಿಂದ ಕೈ ಚಾಚಿ ‘ಎರಡು ಖಾರ ಬನ್ನು, ಒಂದು ಆಲೂ ಬನ್ನು’ ಎಂದು ಕೂಗಬೇಕು. ಯಾರ ದನಿ ದೊಡ್ಡದೋ ಅವರ ಬನ್ನಿಗೆ ಮೊದಲು ಬೆಣ್ಣೆ. ಗುನ್ನೆಲ್ ಅಜ್ಜಿಯ ಅಂಗಡಿಯಲ್ಲಿ ಬಾಗಿಲ ಬಳಿ ಒಂದು ಕೆಂಪು ಡಬ್ಬಿ. ಅದರ ನಾಲಿಗೆಯಿಂದ ನಂಬರ್ ಚೀಟಿ ಹರಿದುಕೊಂಡು, ನಮ್ಮ ನಂಬರ್ ಕರೆಯುವವರೆಗೆ ನಿಲ್ಲಬೇಕು. ಮೊದಲ ದಿನ ಅಂಗಡಿಯಲ್ಲಿ ಇದ್ದದ್ದು ನಾವಿಬ್ಬರೇ, ನಾನು ಮತ್ತು ಅಜ್ಜಿ. ನಾನು ಬನ್ನು ತೋರಿಸಿದೆ. ಅಜ್ಜಿ ನಗುತ್ತಾ ಡಬ್ಬಿ ತೋರಿಸಿದರು. ಹೋಗಿ ಚೀಟಿ ಹರಿದುಕೊಂಡು ಬಂದೆ, ನಲವತ್ತೇಳು. ಅವರು ಖಾಲಿ ಅಂಗಡಿಯ ಉದ್ದಗಲ ಒಮ್ಮೆ ಕಣ್ಣು ಹಾಯಿಸಿ, ಗಂಟಲು ಸರಿಮಾಡಿಕೊಂಡು, ‘ನಲವತ್ತೇಳು’ ಎಂದು ಕರೆದರು. ನಾನು ಕೈ ಎತ್ತಿದೆ.

ಕಾಫಿಯ ವಿಷಯದಲ್ಲಿ ಮಾತ್ರ ಆ ದೇಶದವರು ನಮಗಿಂತ ಉದಾರಿಗಳು. ನಮ್ಮಲ್ಲಿ ಬೈಟು ಎಂದು ಒಂದು ಕಾಫಿಯನ್ನು ಇಬ್ಬರು ಕುಡಿಯುತ್ತೇವೆ. ಅಲ್ಲಿ ಒಂದಕ್ಕೆ ದುಡ್ಡು ಕೊಟ್ಟರೆ ಎರಡನೆಯದು ಪುಕ್ಕಟೆ. ಇದನ್ನು ಅರಗಿಸಿಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು. ಯಾವಾಗ ಬಂದು ಬೈಯುತ್ತಾರೋ ಎಂದು ಎರಡನೆಯ ಕಪ್ಪನ್ನು ಸರಸರನೆ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದೆ.

ಇರಲಿ, ಮೊಟ್ಟೆಯ ವಿಷಯಕ್ಕೆ ಬರುತ್ತೇನೆ. ಮುಂದೂಡುವುದು ನನ್ನ ಹಳೆಯ ಚಾಳಿ, ಇಡೀ ಕಥೆಗೆ ಅದೇ ಕಾರಣ.

ಆ ವರ್ಷ ನಮಗೆ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಹೆಂಡತಿ ವಸುಧಾಳ ತಾಯಿ ಮೇ ಕೊನೆಗೆ ಮೈಸೂರಿನಿಂದ ಮೂರು ತಿಂಗಳ ವೀಸಾದಲ್ಲಿ ಬಂದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಏಕಾದಶಿ ತಪ್ಪಿಸಿದವರಲ್ಲ, ಆದರೆ ಅತಿ ಮಡಿಯವರೂ ಅಲ್ಲ; ಹೋಟೆಲಿನ ದೋಸೆ, ಬೇಕರಿಯ ಬನ್ನು ಎಲ್ಲ ನಡೆಯುತ್ತಿತ್ತು. ಮೊಟ್ಟೆ ಮಾತ್ರ ಹುಟ್ಟಿದಾಗಿನಿಂದ ಮುಟ್ಟಿದವರಲ್ಲ. ಮೊಟ್ಟೆ ಬಿದ್ದಿರಬಹುದು ಎಂಬ ಅನುಮಾನಕ್ಕೆ ಸ್ವಂತ ತಮ್ಮನ ಮಗನ ಮದುವೆಯ ಕೇಕನ್ನು ಬಿಟ್ಟವರು. ವಿಮಾನದಲ್ಲಿ ಕೊಟ್ಟದ್ದನ್ನೆಲ್ಲ ಅದೇ ಅನುಮಾನದಿಂದ ವಾಪಸ್ ಕಳಿಸಿ, ಎರಡು ಬಾಳೆಹಣ್ಣಿನ ಮೇಲೆ ಮೈಸೂರಿನಿಂದ ಶೋವ್ಡೆಗೆ ಬಂದಿದ್ದರು.

ಮನೆಗೆ ಬಂದವರೇ ಅಡುಗೆ ಆಗಿದೆಯಾ ಎಂದು ಕೇಳಿದರು. ಒಲೆಯ ಮೇಲೆ ಅನ್ನ ಬೇಯುತ್ತಿತ್ತಷ್ಟೆ. ಮೇಜಿನ ಮೇಲೆ ಗುನ್ನೆಲ್ ಅಜ್ಜಿಯ ಬನ್ನಿನ ಚೀಲ. ಅದರ ವಾಸನೆ ಅವರನ್ನೂ ಎಳೆಯಿತು.

“ಇದಕ್ಕೆ ಮೊಟ್ಟೆ ಗಿಟ್ಟೆ ಹಾಕಿರಲ್ಲ ತಾನೆ?” ಎಂದು ಕೇಳಿದರು.

“ಛೆ, ಇಲ್ಲ ಅತ್ತೆ. ಇದು ಬರೀ ಹಾಲು, ಬೆಣ್ಣೆ, ಏಲಕ್ಕಿ” ಎಂದೆ.

ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬ ದನಿಯಲ್ಲಿ ಹೇಳುವುದು ಸಾಫ್ಟ್‌ವೇರಿನವರ ಮೊದಲ ವಿದ್ಯೆ. ಅತ್ತೆ ಒಂದು ತಿಂದರು, ಎರಡು ತಿಂದರು, ಮೂರನೆಯದನ್ನು ಮುರಿದು ವಸುಧಾಳಿಗೆ ಅರ್ಧ ಕೊಟ್ಟರು. ನಾನು ಹೆಮ್ಮೆಯಿಂದ ಬೀಗಿದೆ.

ಮೂರನೆಯ ದಿನ ಬೆಳಿಗ್ಗೆ ಬೇಕರಿಗೆ ಸ್ವಲ್ಪ ಬೇಗ ಹೋದೆ. ಒಳಗಿನ ಬಾಗಿಲಲ್ಲಿ ಗುನ್ನೆಲ್ ಅಜ್ಜಿ ಬನ್ನಿನ ತಟ್ಟೆ ಇಟ್ಟುಕೊಂಡು ನಿಂತಿದ್ದರು. ಒಂದು ಕೈಯಲ್ಲಿ ಬ್ರಷ್ಷು, ಪಕ್ಕದಲ್ಲಿ ಬಟ್ಟಲು, ಬಟ್ಟಲಿನಲ್ಲಿ ಹಳದಿ. ಬ್ರಷ್ಷು ಅದ್ದುವುದು, ಬನ್ನಿನ ತಲೆಗೆ ಸವರುವುದು, ಮೇಲೆ ಬಿಳಿ ಸಕ್ಕರೆ ಹರಳು ಉದುರಿಸುವುದು. ಬಟ್ಟಲಿನ ಪಕ್ಕ ಒಡೆದ ಮೊಟ್ಟೆಯ ಸಿಪ್ಪೆಗಳು. ಗುನ್ನೆಲ್ ಅಜ್ಜಿಯ ಬನ್ನು ಅಷ್ಟು ಮಿರಮಿರ ಮಿಂಚುವುದು ಯಾಕೆ ಎಂದು ನನಗೆ ಆಗ ತಿಳಿಯಿತು. ಎರಡು ದಿನ ನಾನು ಬರೀ ದಡ್ಡ. ಆ ಗಳಿಗೆಯಿಂದ ಸುಳ್ಳುಗಾರ.

ಅಂದೇ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ವಸುಧಾಳೂ ಅದನ್ನೇ ಹೇಳಿದಳು. “ಹೇಳಿದ್ದು ನೀವು. ನೀವೇ ಸರಿ ಮಾಡ್ಕೊಳ್ಳಿ. ನಾನು ಬಾಣಂತಿ, ನನಗೆ ಟೆನ್ಷನ್ ಕೊಡ್ಬೇಡಿ” ಎಂದು ಮಗುವಿನ ಕಡೆ ತಿರುಗಿ ಮಲಗಿದಳು. ನಾನು ಹೇಳಲೆಂದೇ ಅಡುಗೆಮನೆಗೆ ಹೋದೆ. ಅತ್ತೆ ಬನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಆ ದೇಶದಲ್ಲಿ ಅವರಿಗೆ ಹಿಡಿಸಿದ್ದು ಅದೊಂದೇ. ರಾತ್ರಿ ಹತ್ತಾದರೂ ಮುಳುಗದ ಸೂರ್ಯ ಹಿಡಿಸಿರಲಿಲ್ಲ, ಮಾತಾಡದ ನೆರೆಹೊರೆ ಹಿಡಿಸಿರಲಿಲ್ಲ, ತೊಳೆಯಲು ನೀರಿಲ್ಲದ ಕಕ್ಕಸು ಮೊದಲೇ ಹಿಡಿಸಿರಲಿಲ್ಲ. ಇರುವ ಒಂದು ಸುಖವನ್ನು ಕಿತ್ತುಕೊಂಡು, ಅದರ ಬದಲಿಗೆ ಅರವತ್ತೈದು ವರ್ಷದ ವ್ರತ ಕೆಟ್ಟ ಸಂಕಟವನ್ನು ಅವರ ಕೈಗೆ ಕೊಡಬೇಕಿತ್ತು. ಬಾಯಿ ಬರಲಿಲ್ಲ.

ಪ್ರಾಯಶ್ಚಿತ್ತದ ಚಿಂತೆ ಬೇರೆ. ವಿಷಯ ಗೊತ್ತಾದರೆ ಅತ್ತೆ ಪಂಚಗವ್ಯ ಬೇಕೆನ್ನುತ್ತಾರೆ. ಶೋವ್ಡೆಯ ಸುತ್ತ ಹಸುಗಳಿಗೇನೂ ಬರವಿಲ್ಲ, ಬೇಲಿಯಾಚೆ ನಿಂತು ಬಸ್ಸುಗಳನ್ನು ಎಣಿಸುತ್ತಿರುತ್ತವೆ. ಆದರೆ ಯಾವ ರೈತನ ಬಾಗಿಲು ತಟ್ಟಿ, ‘ನಮಸ್ಕಾರ, ನಿಮ್ಮ ಹಸುವಿನ ಗಂಜಲ ಒಂದು ಲೋಟ ಬೇಕಿತ್ತು’ ಎಂದು ಕೇಳಲಿ? ಅವನು ಕೊಮ್ಮೂನಿಗೆ ಫೋನು ಮಾಡುತ್ತಾನೆ. ಕೊಮ್ಮೂನಿನವರು, ಅಂದರೆ ಅಲ್ಲಿಯ ಪುರಸಭೆಯವರು, ಒಂದು ಫಾರಂ ಕೊಡುತ್ತಾರೆ. ಫಾರಂ ತುಂಬಲು ಪರ್ಸೊನ್ನುಮ್ಮರ್ ಬೇಕು, ಆ ಗುರುತಿನ ಸಂಖ್ಯೆ ಇಲ್ಲದೆ ಅಲ್ಲಿ ಕೆಮ್ಮಲೂ ಆಗದು, ಅತ್ತೆಯವರ ಬಳಿ ಅದಿಲ್ಲ. ಇಷ್ಟೆಲ್ಲ ಯೋಚಿಸಿ, ಸುಮ್ಮನಿರುವುದೇ ಧರ್ಮ ಎಂದು ತೀರ್ಮಾನಿಸಿದೆ.

ಸುಮ್ಮನಿರುವುದು ಸುಲಭವಾಗಿರಲಿಲ್ಲ. ಒಂದು ವಾರ ಹತ್ತು ದಿನ ಕಳೆದಿರಬೇಕು, ಅತ್ತೆ ಒಂದು ಹೊಸ ಪದ್ಧತಿ ಶುರುಮಾಡಿದರು. ತಟ್ಟೆಯಲ್ಲಿ ಆರು ಬನ್ನಿದ್ದರೆ ಅದರಲ್ಲಿ ಮಿಂಚುವಂಥವನ್ನು ನಮಗೆ ಬಿಟ್ಟು, ಮಂಕಾದ, ಹೊಳಪಿಲ್ಲದ ಎರಡನ್ನು ತಾವು ಆರಿಸಿಕೊಳ್ಳುವರು. ಈಗೀಗ ಗುನ್ನೆಲ್ ಅಜ್ಜಿಯ ಚೀಲದಲ್ಲಿ ಅಂಥ ಮಂಕು ಬನ್ನು ಎರಡಾದರೂ ಇರುತ್ತಿದ್ದವು. ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದುಕೊಂಡಿದ್ದೆ. ಅತ್ತೆಯವರ ತ್ಯಾಗ ಕಂಡು ನನ್ನ ಕರುಳು ಹಿಂಡಿತು. ಸೀದುಹೋದ ದೋಸೆ, ಒಡೆದ ಹಪ್ಪಳ ತಾವು ತಿಂದು ಚೆನ್ನಾಗಿರುವುದನ್ನು ಮಕ್ಕಳಿಗೆ ಬಿಡುವ ತಾಯಂದಿರ ಜಾತಿ ಇದು. ಇಂಥ ಮಹಾತಾಯಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಒಂದು ದಿನ ಅವರ ತಟ್ಟೆಗೆ ಬಲವಂತವಾಗಿ ಮಿಂಚುವ ಬನ್ನು ಹಾಕಲು ಹೋದೆ. ಅತ್ತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, “ಅದು ನಿಮಗೇ ಇರ್ಲಿ” ಎಂದರು. ಆ ಮಾತಿನಲ್ಲಿ ಏನೋ ಒತ್ತು ಇತ್ತು. ನನಗದು ವಾತ್ಸಲ್ಯವಾಗಿ ಕೇಳಿಸಿತು.

ಸಂಜೆ ಮೈಸೂರಿನ ತಂಗಿಗೆ ವಿಡಿಯೋ ಕಾಲ್ ಮಾಡಿ ಕೂರುವರು. ನಾನು ಆ ಕಡೆ ಸುಳಿದರೆ ಸಾಕು, ದನಿ ಏರುತ್ತಿತ್ತು. “ನಮ್ಮ ಅಳಿಯಂದ್ರ ಬಗ್ಗೆ ಮಾತಿಲ್ಲ ಕಣೇ. ಈ ಊರಲ್ಲೂ ಮೊಟ್ಟೆ ಹಾಕದ ಬನ್ನು ಹುಡುಕಿ ತರ್ತಾರೆ. ನನಗೋಸ್ಕರ ಎಷ್ಟು ವಿಚಾರಿಸಿದ್ರೋ ಏನೋ ಪಾಪ.” ಹೀಗೆಂದು ನನ್ನ ಕಡೆ ನೋಡುವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲನ್ನಲ್ಲ, ಇಡೀ ಮೈಯನ್ನು ಮುಟ್ಟಿಕೊಂಡು ಬಾಲ್ಕನಿಗೆ ಓಡುತ್ತಿದ್ದೆ. ಒಮ್ಮೊಮ್ಮೆ ಅವರೇ ಕೇಳುವರು, “ಏನೋ ಹೇಳ್ಬೇಕು ಅಂತಿದ್ದೀರಾ?” ನಾನು “ಏನಿಲ್ಲ ಅತ್ತೆ, ನಾಳೆ ಮಳೆ ಬರಬಹುದು” ಎನ್ನುತ್ತಿದ್ದೆ. ಆ ಬೇಸಿಗೆಯಲ್ಲಿ ನಾನು ಹೇಳಿದಷ್ಟು ಹವಾಮಾನ ವರದಿಯನ್ನು ರೇಡಿಯೋದವರೂ ಹೇಳಿರಲಾರರು.

ಜುಲೈ ಬಂತು. ಆ ತಿಂಗಳು ಇಡೀ ಸ್ವೀಡನ್ನೇ ಬಾಗಿಲು ಹಾಕಿ ರಜೆಗೆ ಹೋಗುತ್ತದೆ. ಗುನ್ನೆಲ್ ಅಜ್ಜಿ ಕೂಡ ಮೂರು ವಾರ ಸರೋವರದ ಪಕ್ಕದ ಮನೆಗೆ ಹೊರಟರು. ಮೂರು ವಾರ ಪಾಪವಿಲ್ಲ ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, ಅಜ್ಜಿ ಒಳಗಿನಿಂದ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಎತ್ತಿಕೊಂಡು ಬಂದರು. ಮಂಜುಗಟ್ಟಿದ ಬನ್ನುಗಳು, ನಲವತ್ತಕ್ಕೆ ಕಡಿಮೆ ಇಲ್ಲ. “ನಿಮ್ಮ ಮನೆಯ ಹಿರಿಯರಿಗೆ” ಎಂದು ಸ್ವೀಡಿಷ್‌ನಲ್ಲಿ ಹೇಳಿ ಕೆನ್ನೆ ಅಗಲಿಸಿ ನಕ್ಕರು. ನನ್ನ ಪಾಪವನ್ನು ಫ್ರೀಜರಿನಲ್ಲಿ ಕೆಡದಂತೆ ಇಟ್ಟು, ದಿನಕ್ಕೆ ಎರಡರಂತೆ ಬಿಸಿಮಾಡಿ ಬಡಿಸಿದೆ.

ಆಗಸ್ಟಿನಲ್ಲಿ ಅತ್ತೆ ಹೊರಡಲು ಒಂದು ವಾರ ಇತ್ತು. ಇನ್ನೇನು ದಡ ಮುಟ್ಟಿದೆ, ಏಳು ದಿನ ನಾಲಿಗೆ ಹಿಡಿದುಕೊಂಡರೆ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಕೃಷ್ಣಾಷ್ಟಮಿ ಬಂತು. ಅಂದು ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಬಂದು, ಶೂ ಹಾಕಿಕೊಳ್ಳುತ್ತಿದ್ದ ನನ್ನ ಮುಂದೆ ನಿಂತರು.

“ಇವತ್ತು ಬನ್ನು ಬಿಸಿಬಿಸೀದು ತನ್ನಿ. ಹಾಲು, ಬೆಣ್ಣೆ, ಏಲಕ್ಕಿ ಎಲ್ಲಾ ಇದೆ ಅಂದಿದ್ರಲ್ಲ. ಕೃಷ್ಣನಿಗೆ ಅದನ್ನೇ ನೈವೇದ್ಯಕ್ಕಿಡ್ತೀನಿ.”

ಸ್ನಾನ ಮಾಡದವರು ಮಾಡಿದ ಅಡುಗೆಯನ್ನು ದೇವರ ಹತ್ತಿರಕ್ಕೂ ಬಿಡದ ಹೆಂಗಸು ಬೇಕರಿಯ ಬನ್ನನ್ನು ನೈವೇದ್ಯಕ್ಕಿಡುತ್ತೇನೆ ಎಂದರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಬರಲಿಲ್ಲ. ಹೆದರಿಕೆ ತಲೆಗೇರಿದಾಗ ಬುದ್ಧಿ ಕಾಲಿಗಿಳಿಯುತ್ತದೆ. ಅತ್ತೆಗೆ ಮೊಟ್ಟೆ ತಿನ್ನಿಸಿದ ಮೇಲೆ ಶ್ರೀಕೃಷ್ಣನಿಗೂ ತಿನ್ನಿಸುವಷ್ಟು ನಾನು ಗಟ್ಟಿಗನಲ್ಲ. ಬೇಕರಿಗೆ ಓಡಿದೆ. ದಾರಿಯುದ್ದಕ್ಕೂ ಸ್ವೀಡಿಷ್‌ನಲ್ಲಿ ಒಂದು ವಾಕ್ಯ ಉರುಹೊಡೆದೆ: ದಯವಿಟ್ಟು ನನಗೆ ಮೊಟ್ಟೆ ಸವರದ ಆರು ಬನ್ನು ಮಾಡಿಕೊಡಿ, ಇದು ಮಾನದ ಪ್ರಶ್ನೆ.

ನಂಬರ್ ಚೀಟಿ ಹರಿದುಕೊಂಡು, ಸರದಿ ಬಂದಾಗ ಆ ವಾಕ್ಯವನ್ನು ಒಪ್ಪಿಸಿದೆ. ಗುನ್ನೆಲ್ ಅಜ್ಜಿ ಅರ್ಥವಾಗದವರಂತೆ ನನ್ನನ್ನೇ ನೋಡಿದರು.

“ಆದರೆ ಅವರ ಬನ್ನಿಗೆ ನಾನು ಮೊಟ್ಟೆ ಹಚ್ಚುವುದೇ ಇಲ್ಲವಲ್ಲ” ಎಂದರು. “ಹಿಟ್ಟಿನಲ್ಲಂತೂ ಮೊಟ್ಟೆ ಇಲ್ಲ. ಮೇಲೆ ಜೂನಿನಿಂದ ಹಾಲು ಹಚ್ಚುತ್ತಿದ್ದೇನೆ. ದಿನಾ ಎರಡು. ನಿಮಗೆ ಗೊತ್ತಿಲ್ಲವೆ?”

ಆಮೇಲೆ ಅವರು ಹೇಳಿದ್ದು ಇಷ್ಟು. ಅತ್ತೆ ಬೆಳಿಗ್ಗೆ ಹತ್ತಕ್ಕೆ ಸೀರೆಯ ಮೇಲೆ ನನ್ನ ಜಾಕೆಟ್ ಹಾಕಿಕೊಂಡು ವಾಕಿಂಗ್ ಹೋಗುತ್ತಿದ್ದರು; ಬಂದ ಎರಡನೆಯ ವಾರ ಒಂದು ದಿನ ಬೇಕರಿಯೊಳಗೆ ಬಂದರಂತೆ. ಚೀಟಿ ಹರಿದುಕೊಂಡು ಶಿಸ್ತಾಗಿ ನಿಂತರಂತೆ. ಜಾಕೆಟ್ ನೋಡಿಯೇ ನಮ್ಮ ಮನೆಯವರೆಂದು ಅಜ್ಜಿ ಗುರುತಿಸಿದರಂತೆ. ಅಲ್ಲಿಂದಲೇ ಬ್ರಷ್ಷು, ಬಟ್ಟಲು ಎಲ್ಲ ಕಂಡಿತು. ಬಟ್ಟಲು ತೋರಿಸಿದರು. ಎರಡು ಕೈಯಲ್ಲಿ ಮೊಟ್ಟೆಯ ಆಕಾರ ಮಾಡಿದರು. ಅಜ್ಜಿಗೆ ಖಾತ್ರಿಯಾಗಲೆಂದು ಮೊಣಕೈ ಮಡಿಸಿ ಎರಡು ಸಲ ರೆಕ್ಕೆ ಬಡಿದು, ಕೊಕ್ಕೊಕ್ಕೋ ಎಂದರು. ಆಮೇಲೆ ತಮ್ಮ ಎದೆ ತೋರಿಸಿ, ಕಿವಿ ಹಿಡಿದುಕೊಂಡು, ಇಲ್ಲ ಎಂದು ತಲೆ ಆಡಿಸಿದರು. ಅಂಗಡಿಯಲ್ಲಿದ್ದ ಐದು ಜನ ಸ್ವೀಡಿಷರು ನೆಲ ನೋಡುತ್ತಾ ನಿಂತರಂತೆ. ಗುನ್ನೆಲ್ ಅಜ್ಜಿ ಒಳಗೆ ಹೋಗಿ ಒಂದು ಲೋಟ ಹಾಲು ತಂದು ಬ್ರಷ್ಷಿನ ಪಕ್ಕ ಹಿಡಿದು ಹುಬ್ಬು ಹಾರಿಸಿದರು. ಅತ್ತೆ ಕೈ ಮುಗಿದರು. ಒಪ್ಪಂದ ಮುಗಿಯಿತು. ಅಂದಿನಿಂದ ನಿನ್ನೆಯ ಬನ್ನಿನ ಚೀಲಕ್ಕೆ ಅಂದಿನ ಎರಡು ಹಾಲಿನ ಬನ್ನು ಸೇರಿಸಿ ನನ್ನ ಕೈಗೆ ಕೊಡುತ್ತಿದ್ದರು. ಹಾಲು ಹಚ್ಚಿದ್ದು ಮೊಟ್ಟೆ ಹಚ್ಚಿದ ಹಾಗೆ ಮಿಂಚುವುದಿಲ್ಲ.

ಒಂದು ಮೇಜಿನ ಮುಂದೆ ಕೂತುಬಿಟ್ಟೆ. ಅಜ್ಜಿ ಕೇಳದೆಯೇ ಕಾಫಿ ತಂದಿಟ್ಟರು. ಮೊದಲು ಎದೆಯ ಮೇಲಿನ ಕಲ್ಲು ಇಳಿಯಿತು. ಅದು ಇಳಿದ ಜಾಗಕ್ಕೆ ನಾಚಿಕೆ ಬಂದು ಕೂತಿತು. ಹಾಗಾದರೆ ತಂಗಿಗೆ ಮಾಡಿದ ಫೋನುಗಳು? ‘ಅದು ನಿಮಗೇ ಇರ್ಲಿ’? ಇಂದಿನ ನೈವೇದ್ಯ? ಎರಡೂವರೆ ತಿಂಗಳು ಆ ಹೆಂಗಸು ನನ್ನ ಮುಂದೆ ಬಾಗಿಲ ಮೇಲೆ ಬಾಗಿಲು ತೆರೆದಿಟ್ಟಿದ್ದರು. ನಾನು ಪ್ರತಿಯೊಂದಕ್ಕೂ ಹವಾಮಾನ ವರದಿ ಓದಿ ಹೊರಗೇ ನಿಂತಿದ್ದೆ. ಎರಡನೆಯ ಕಪ್ಪು ಕುಡಿಯುವಾಗ ಒಂದು ನೀಚ ಯೋಚನೆಯೂ ಬಂತು. ವ್ರತ ಹೇಗೂ ಉಳಿದಿದೆ, ಈಗ ಏನೂ ಗೊತ್ತಿಲ್ಲದವನ ಹಾಗೆ ಬನ್ನು ತೆಗೆದುಕೊಂಡು ಹೋದರೆ ಆಯಿತಲ್ಲ? ಅರ್ಧ ದಾರಿಯವರೆಗೆ ಆ ಯೋಚನೆ ನನ್ನ ಜೊತೆಗೇ ಬಂತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಮನೆಯಲ್ಲಿ ದೇವರ ಮುಂದೆ ಅವಲಕ್ಕಿ, ಬೆಣ್ಣೆ, ಪುಟ್ಟ ಪುಟ್ಟ ಚಕ್ಕುಲಿ ಎಲ್ಲ ಆಗಲೇ ಜೋಡಿಸಿ ನೈವೇದ್ಯ ಮುಗಿದಿತ್ತು. ಬನ್ನಿಗೆ ಅಲ್ಲಿ ಜಾಗವೇ ಇರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಚೀಲ ಮೇಜಿನ ಮೇಲಿಟ್ಟೆ.

“ಅತ್ತೆ, ಆ ಬನ್ನಿಗೆ ಮೊಟ್ಟೆ ಹಚ್ತಾರೆ. ನೀವು ಬಂದ ಮೂರನೇ ದಿನ ನನಗೆ ಗೊತ್ತಾಯ್ತು. ಹೇಳ್ಲಿಲ್ಲ. ತಪ್ಪಾಯ್ತು.”

ಅವರು ತಿರುಗಿ ನೋಡಲಿಲ್ಲ. ಎರಡು ಲೋಟ ತುಂಬಿಸಿ, ಒಂದನ್ನು ನನ್ನ ಮುಂದಿಟ್ಟು ಕೂತರು.

“ಇನ್ನೊಂದು ವಾರ ತಡ ಮಾಡಿದ್ರೆ ನಾನು ಊರಿಗೆ ಹೋಗಿರ್ತಿದ್ದೆ” ಎಂದರು. “ಬೇಜಾರಾಗಿತ್ತು ಕಣ್ರೀ. ಮೊಟ್ಟೆಗಲ್ಲ. ಈ ಅತ್ತೆಗೆ ಹೇಳಿದ್ರೆ ರಂಪ ಮಾಡ್ತಾಳೆ ಅಂದ್ಕೊಂಡ್ರಲ್ಲ, ಅದಕ್ಕೆ.”

ಬಿಸಿ ಲೋಟವನ್ನು ಹಾಗೇ ಹಿಡಿದು ಕೂತಿದ್ದೆ. ಅತ್ತೆ ಚೀಲ ಬಿಚ್ಚಿ ಮಂಕು ಬನ್ನೊಂದನ್ನು ತೆಗೆದು ಮುರಿದರು, ಅರ್ಧ ನನ್ನ ತಟ್ಟೆಗೆ ಹಾಕಿದರು. ತಮ್ಮ ಅರ್ಧವನ್ನು ಕಾಫಿಯಲ್ಲಿ ಅದ್ದಿ ತಿಂದರು. ವಸುಧಾ ಮಲಗಿದ್ದ ಕೋಣೆಯ ಬಾಗಿಲನ್ನು ಒಮ್ಮೆ ನೋಡಿದರು. ಆಮೇಲೆ ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ, “ನೀವು ಹೇಳಿದ್ರಲ್ಲ, ನಾನೂ ಒಂದು ಹೇಳ್ತೀನಿ” ಎಂದರು.

“ಹೇಳಿ ಅತ್ತೆ.”

“ಮೊದಲನೇ ವಾರ ತಿಂದ್ನಲ್ಲ, ಅದರ ರುಚಿ ಇದಕ್ಕಿಲ್ಲ.”